ಬಿದ್ದ ಗೋಡೆ ಮತ್ತು ಯೋಬನ ಗೆಳೆಯರು

1993ರ ಸೆಪ್ಟೆಂಬರ್ 30, ಗುರುವಾರ. ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷ ಇತ್ತು. ಬಗದಲಿನ ನಮ್ಮ ಮನೆಯ ಮಾಡದಲ್ಲಿ ಬೋರಲು ಹಾಕಿದ್ದ ಹಿತ್ತಾಳೆ ಲೋಟಗಳು ತಾವಾಗಿಯೇ ಸದ್ದು ಮಾಡಿದವು. ದಾದಿ ಕಲಿಮಾ ಹೇಳುತ್ತ ಮಕ್ಕಳನ್ನೆಲ್ಲ ಅಂಗಳಕ್ಕೆ ಎಳೆದು ತಂದರು. ನಾವಾಗ ಉರ್ದು ಶಾಲೆಯ ಏಳನೆಯ ಇಯತ್ತೆಯಲ್ಲಿದ್ದೆವು. ನಡುಗಿದ್ದು ನೆಲ ಎಂಬುದು ನಮಗೆ ಹೊಳೆಯಲಿಲ್ಲ. ದೊಡ್ಡ ಲಾರಿ ಹೋಗಿರಬೇಕೆಂದುಕೊಂಡೆವು. ಬೆಳಕು ಹರಿದ ಮೇಲೆ ರೇಡಿಯೋ ಸುದ್ದಿ ಹೇಳಿತು. ಲಾತೂರ್ ಜಿಲ್ಲೆಯ ಕಿಲ್ಲಾರಿ, ನಮ್ಮಿಂದ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಸುಪಾಸು, ಬಸವಕಲ್ಯಾಣಕ್ಕೆ ಅದರ ಅರ್ಧದಷ್ಟು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ, ರಾತ್ರಿಯೆಲ್ಲ ಕುಣಿದು ದಣಿದು ಬಂದು ಮಲಗಿದವರ ಮೇಲೆ ಅವರವರ ಮನೆಯೇ ಬಿದ್ದಿತ್ತು. ಸತ್ತವರ ಲೆಕ್ಕ ಒಂದೊಂದು ಕಡೆ ಒಂದೊಂದು ತೆರ. 8 ಸಾವಿರದಿಂದ 10 ಸಾವಿರದವರೆಗೆ ಹೇಳುತ್ತಾರೆ.

ಮರುದಿನ ಶುಕ್ರವಾರ. ಖುತ್ಬಾದಲ್ಲಿ ನಾವು ಕೇಳಿದ್ದು, ಜನ ದೇವರನ್ನು ಮರೆತರು, ಬಡ್ಡಿ ತಿಂದರು, ಸಿನಿಮಾ ನೋಡಿದರು, ಅದಕ್ಕೇ ಭೂಮಿ ಮೈ ಕೊಡವಿತು ಎಂದು. ಭಾನುವಾರ ಚರ್ಚಿಗೆ ಹೋಗಿ ಬಂದ ಗೆಳೆಯನೊಬ್ಬ ಹೇಳಿದ್ದು, ಇದು ಲೋಕಾಂತ್ಯದ ಗುರುತು, ಅಲ್ಲಲ್ಲಿ ಭೂಕಂಪಗಳಾಗುವವೆಂದು ಮೊದಲೇ ಬರೆದಿದೆ ಎಂದು. ಚಹಾ ಅಂಗಡಿಯ ಕಟ್ಟೆಯಲ್ಲಿ ಕೂತವರ ಬಳಿ ಮೂರನೆಯದೊಂದು ಕಾರಣವಿತ್ತು: ವಿಸರ್ಜನೆಯಲ್ಲಿ ಕುಡಿದು ಕುಣಿದದ್ದು ಗಣಪತಿಗೆ ಸೇರಲಿಲ್ಲ. ಮೂರೂ ಕಡೆ ಕಾರಣ ಹೇಳಿದವರ ಮನೆ ನೆಟ್ಟಗೆ ನಿಂತಿತ್ತು. ಇದು ನಮಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಅಂದು ನಾವೂ ಮೂರನ್ನೂ ನಂಬಿದ್ದೆವು.

ಭೂಕಂಪದ ತಜ್ಞರು ಆಮೇಲೆ ಹೇಳಿದ್ದು ಬೇರೆ. ದಖ್ಖನಿನ ಈ ನೆಲ ಗಟ್ಟಿ, ಇಲ್ಲಿ ದೊಡ್ಡ ಕಂಪನ ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಜನರನ್ನು ಕೊಂದದ್ದು ಮುಖ್ಯವಾಗಿ ಮನೆಗಳು. ಅಡ್ಡಾದಿಡ್ಡಿ ಕಲ್ಲನ್ನು ಮಣ್ಣಿನ ಗಾರೆಯಲ್ಲಿ ಪೇರಿಸಿ ಎಬ್ಬಿಸಿದ ದಪ್ಪ ಗೋಡೆ, ಅದರ ಮೇಲೆ ಬಿಸಿಲು ತಡೆಯಲೆಂದು ವರ್ಷ ವರ್ಷ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಟ್ಟ ಭಾರವೇ ಅಂದು ಮಲಗಿದವರ ಎದೆಯ ಮೇಲೆ ಇಳಿಯಿತು. ನಮ್ಮ ಬೀದರ್ ಜಿಲ್ಲೆಯ ಹಳ್ಳಿಗಳಲ್ಲೂ ಇಂಥವೇ ಮನೆಗಳು. ನಮ್ಮವು ನಿಂತದ್ದು ನಮ್ಮ ನಮಾಜಿನಿಂದಲ್ಲ, ದೂರದಿಂದ.

ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಮನುಷ್ಯರಿಗೆ ಈ ಸಂಕಟವನ್ನೇಕೆ ಬಿಟ್ಟಿದ್ದಾನೆ? ಈ ಪ್ರಶ್ನೆಗೆ ಕ್ರೈಸ್ತ ಪರಂಪರೆ ಏನು ಹೇಳಿದೆ ಎಂದು ನೋಡುವುದು ಈ ಲೇಖನದ ಕೆಲಸ. ಮುಸ್ಲಿಮ್ ಲೇಖಕನಿಗೆ ಈ ಉಸಾಬರಿ ಏಕೆ ಎಂದು ಕೇಳುವವರು ಇರಬಹುದು. ಒಂದು ಕಾರಣ ನಮ್ಮ ಜಿಲ್ಲೆಯೇ. ನಿಜಾಮರ ಕಾಲದಲ್ಲಿ ಇಲ್ಲಿಗೆ ಬಂದ ಮೆಥೋಡಿಸ್ಟ್ ಮಿಶನ್ ಊರ ಹೊರಗಿನ ಕೇರಿಗಳಲ್ಲಿ ಬೇರು ಬಿಟ್ಟಿತು. ಬೀದರ್ ಸೀಮೆಯಲ್ಲಿ ಬೆಳೆದವನಿಗೆ ಕ್ರೈಸ್ತ ನೆರೆಯವನು ಪುಸ್ತಕದಲ್ಲಿ ಮಾತ್ರ ಸಿಗುವ ಮನುಷ್ಯನಲ್ಲ. ಇನ್ನೊಂದು ಕಾರಣ, ಈ ಪ್ರಶ್ನೆಯ ನಡುಮಧ್ಯೆ ನಿಂತಿರುವವನು ಅವರಿಗೂ ನಮಗೂ ಒಬ್ಬನೇ. ಅವರು ಯೋಬ ಎನ್ನುತ್ತಾರೆ, ನಾವು ಪ್ರವಾದಿ ಅಯ್ಯೂಬ್(ಅ) ಎನ್ನುತ್ತೇವೆ.

ಅಯ್ಯೂಬರ ಕಥೆ ನಮಗೆ ಮೊದಲು ಸಿಕ್ಕಿದ್ದು ದಾದಿಯ ಬಾಯಿಂದ. ಉರ್ದುವಿನಲ್ಲಿ ‘ಸಬ್ರೆ ಅಯ್ಯೂಬ್’ ಎಂಬುದು ನಾಣ್ಣುಡಿ. ಸಹನೆಗೆ ಅದಕ್ಕಿಂತ ದೊಡ್ಡ ಅಳತೆಗೋಲಿಲ್ಲ. ದಾದಿ ಹೇಳುತ್ತಿದ್ದ ಕಥೆಯಲ್ಲಿ ಅಯ್ಯೂಬರ ಹುಣ್ಣಿನಿಂದ ಹುಳು ಕೆಳಗೆ ಬಿದ್ದರೆ ಅವರು ಅದನ್ನು ಎತ್ತಿ ಮತ್ತೆ ಹುಣ್ಣಿಗೇ ಬಿಡುತ್ತಿದ್ದರು, ನಿನ್ನ ಅನ್ನ ದೇವರು ಇಲ್ಲಿ ಇಟ್ಟಿದ್ದಾನೆ ಎನ್ನುತ್ತಿದ್ದರು. ಇದು ಕುರ್‌ಆನಿನಲ್ಲಿ ಇಲ್ಲ. ಹಳೆಯ ಕಿಸ್ಸೆಗಳಿಂದ ಬಂದದ್ದು, ವಿದ್ವಾಂಸರು ಒಪ್ಪದ್ದು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಇದೇ. ದೂರು ಹೇಳದವನು, ಬಾಯಿ ಬಿಡದವನು ಅಯ್ಯೂಬ್.

ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದು, ಆಮೇಲೆ ಬೀದರಿನ ಕಾಲೇಜಿಗೆ ಸೇರಿದಾಗ ಆ ಚರ್ಚಿನ ಗೆಳೆಯನೇ ನಮ್ಮ ಕೈಗೆ ಕನ್ನಡದ ಸತ್ಯವೇದ ಕೊಟ್ಟ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ತಿ ಬೈಬಲು ಕನ್ನಡದಲ್ಲಿ ಬಂದಿತ್ತು. ಆಮೇಲೆ ಅನೇಕ ಸಲ ತಿದ್ದುಪಡಿಯಾಗಿದೆ. ಆ ಪುಸ್ತಕದಲ್ಲಿ ಯೋಬನನ್ನು ಹುಡುಕಿ ಓದಿದಾಗ ನಮಗಾದದ್ದು ಗಾಬರಿ. ಇವನು ದಾದಿಯ ಅಯ್ಯೂಬರಲ್ಲ. ಇವನು ಕೂಗುತ್ತಾನೆ, ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ದೇವರ ಮೇಲೆ ವ್ಯಾಜ್ಯ ಹೂಡುತ್ತೇನೆ, ನ್ಯಾಯಾಧೀಶ ಯಾರು ಹೇಳಿ ಎಂಬಂತೆ ಮಾತಾಡುತ್ತಾನೆ.

ಕಥೆಗಾರನ ಕಣ್ಣಿನಿಂದ ನೋಡಿದರೆ ಆ ಗ್ರಂಥದ ಕಟ್ಟಡವೇ ವಿಚಿತ್ರ. ಒಟ್ಟು 42 ಅಧ್ಯಾಯ. ಮೊದಲ ಎರಡು ಗದ್ಯ: ದೇವರ ಸಭೆಯಲ್ಲಿ ಸೈತಾನ ಬಂದು ಪಂಥ ಕಟ್ಟುತ್ತಾನೆ, ಯೋಬ ಲಾಭವಿಲ್ಲದೆ ನಿನಗೆ ಅಂಜುತ್ತಾನೆಯೇ ಎಂದು. ಕನ್ನಡಿಗರಿಗೆ ಇದು ಪರಕೀಯವಲ್ಲ. ರಾಘವಾಂಕನ ಹರಿಶ್ಚಂದ್ರನ ಸಂಕಟವೂ ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರು ಕಟ್ಟಿದ ಪಂಥದಿಂದಲೇ ಶುರುವಾಗುತ್ತದೆ. ಆಮೇಲೆ ಸುಮಾರು ನಲವತ್ತು ಅಧ್ಯಾಯ ಪದ್ಯ, ಕೊನೆಗೆ ಹತ್ತಾರು ಸಾಲು ಗದ್ಯ. ಜನ ನೆನಪಿಟ್ಟುಕೊಂಡದ್ದು ಎರಡು ತುದಿಯ ಗದ್ಯವನ್ನು, ಅಂದರೆ ಸಹನೆಯ ಯೋಬನನ್ನು. ನಡುವಿನ ಕೂಗುವ ಯೋಬನನ್ನು ಚರ್ಚೂ ಮರೆತಿದೆ ಎಂದೇ ಗೆಳೆಯ ಹೇಳಿದ್ದ.

ಯೋಬನ ಏಳು ಗಂಡು, ಮೂರು ಹೆಣ್ಣು ಮಕ್ಕಳು ಹೇಗೆ ಸತ್ತರು? ಅಣ್ಣನ ಮನೆಯಲ್ಲಿ ಹಬ್ಬದ ಊಟಕ್ಕೆ ಕೂತಿದ್ದರು; ಮರುಭೂಮಿಯ ಕಡೆಯಿಂದ ದೊಡ್ಡ ಗಾಳಿ ಬಂದು ಮನೆಯ ನಾಲ್ಕು ಮೂಲೆಗೂ ಬಡಿಯಿತು; ಮನೆ ಅವರ ಮೇಲೆ ಬಿತ್ತು. ಇದನ್ನು ಓದಿದಾಗ ನಮಗೆ ಹಿತ್ತಾಳೆ ಲೋಟಗಳ ಸದ್ದು ಮತ್ತೆ ಕೇಳಿತು. ಹಬ್ಬದ ರಾತ್ರಿ, ಬಿದ್ದ ಮನೆ, ಕೆಳಗೆ ಮಕ್ಕಳು.

ಆಗ ಮೂವರು ಗೆಳೆಯರು ಬರುತ್ತಾರೆ: ಎಲೀಫಜ, ಬಿಲ್ದದ, ಚೋಫರ. ಬಂದವರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟರು. ಬಿಲ್ದದನ ಮೊದಲ ಸರದಿಯಲ್ಲೇ ಬರುವ ಮಾತು, ನಿನ್ನ ಮಕ್ಕಳು ಪಾಪ ಮಾಡಿದ್ದರೆ ಅದರ ಫಲ ಉಂಡರು ಎಂಬ ಅರ್ಥದ್ದು. ಹತ್ತು ಮಕ್ಕಳನ್ನು ಹೂಳಿದ ತಂದೆಯ ಮುಂದೆ ಆಡಿದ ಮಾತು ಇದು. ಎಲೀಫಜ ಇನ್ನೂ ಮುಂದೆ ಹೋಗುತ್ತಾನೆ. ಯೋಬನ ಪಾಪ ಯಾವುದೆಂದು ಗೊತ್ತಿಲ್ಲದ್ದರಿಂದ ತಾನೇ ಪಟ್ಟಿ ಮಾಡುತ್ತಾನೆ: ಹಸಿದವನಿಗೆ ಅನ್ನ ಕೊಡಲಿಲ್ಲ, ವಿಧವೆಯನ್ನು ಬರಿಗೈಯಲ್ಲಿ ಕಳಿಸಿದೆ. ಸಿದ್ಧಾಂತ ಮೊದಲು, ಸಾಕ್ಷಿ ಆಮೇಲೆ. ಸಂಕಟ ಇದೆ ಎಂದ ಮೇಲೆ ಪಾಪ ಇರಲೇಬೇಕು, ಕಾಣದಿದ್ದರೆ ಹುಟ್ಟಿಸಬೇಕು.

ಕೊನೆಗೆ ದೇವರು ಸುಂಟರಗಾಳಿಯಿಂದ ಮಾತಾಡುತ್ತಾನೆ. ನಾಲ್ಕು ಅಧ್ಯಾಯ ಮಾತಾಡಿದರೂ ಪಂಥದ ಸುದ್ದಿ ಎತ್ತುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಹೊತ್ತು ನಿನಗೆ ಗೊತ್ತೇ ಎಂಬ ಬಗೆಯ ಪ್ರಶ್ನೆಗಳ ಮಳೆ. ಯೋಬ ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಇದನ್ನು ಉತ್ತರವೆಂದು ಕೊಂಡಾಡುವವರು ಇದ್ದಾರೆ. ನಮಗೆ ಅಷ್ಟು ಧೈರ್ಯ ಇಲ್ಲ. ನಮಗೆ ಮುಖ್ಯವೆನಿಸುವುದು ಅದರ ನಂತರದ ಒಂದು ಸಣ್ಣ ಗದ್ಯಭಾಗ. ಅಲ್ಲಿ ದೇವರು ಎಲೀಫಜನ ಮೇಲೂ ಅವನ ಇಬ್ಬರು ಗೆಳೆಯರ ಮೇಲೂ ಕೋಪಿಸುತ್ತಾನೆ. ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎನ್ನುತ್ತಾನೆ. ದೇವರ ಪರವಾಗಿ ವಕಾಲತ್ತು ವಹಿಸಿದವರು ತಪ್ಪಿತಸ್ಥರು. ದೇವರ ಮೇಲೆ ಕೂಗಾಡಿದವನು ಸರಿ. ಗೆಳೆಯರ ತಪ್ಪು ಕ್ಷಮೆಯಾಗಬೇಕಾದರೆ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕು. ಮೂರೂ ಧರ್ಮಗಳ ವೇದಿಕೆಗಳಿಂದ ಉಪದೇಶ ಹೇಳುವವರು ಆಗಾಗ ಓದಿಕೊಳ್ಳಬೇಕಾದ ಭಾಗ ಇದು.

ಹಾಗೆಂದು ಕ್ರೈಸ್ತ ಚಿಂತನೆಯೆಲ್ಲ ಯೋಬನ ಪಕ್ಷ ಎಂದುಕೊಂಡರೆ ತಪ್ಪು. ಅದರ ದೊಡ್ಡ ಭಾಗ ಗೆಳೆಯರ ಪಕ್ಷದಲ್ಲೇ ಬೆಳೆದಿದೆ, ಗೆಳೆಯರಿಗಿಂತ ಜಾಣತನದಿಂದ. 430ರಲ್ಲಿ ತೀರಿಕೊಂಡ ಸಂತ ಅಗಸ್ಟಿನ್, ಕೇಡು ಎಂಬುದು ತಾನಾಗಿ ಒಂದು ವಸ್ತುವಲ್ಲ, ಒಳ್ಳೆಯದರ ಕೊರತೆ ಮಾತ್ರ ಎಂದರು. ಆ ಕೊರತೆ ಬಂದದ್ದು ಸ್ವತಂತ್ರ ಇಚ್ಛೆಯ ದುರುಪಯೋಗದಿಂದ, ಆದಿ ಪಾಪದಿಂದ. ಅವರಿಗಿಂತ ಮೊದಲೇ, ಎರಡನೆಯ ಶತಮಾನದ ಇರೇನಿಯಸ್ ಬೇರೊಂದು ದಾರಿ ತೋರಿಸಿದ್ದರು: ಮನುಷ್ಯ ಪೂರ್ತಿ ಬೆಳೆದು ಹುಟ್ಟಿದವನಲ್ಲ, ಬೆಳೆಯಬೇಕಾದ ಮಗು. 1966ರಲ್ಲಿ ಜಾನ್ ಹಿಕ್ ಎಂಬ ಇಂಗ್ಲಿಷ್ ಚಿಂತಕ ಇದನ್ನೇ ಹಿಡಿದು, ಈ ಲೋಕ ಆತ್ಮಗಳನ್ನು ರೂಪಿಸುವ ಕುಲುಮೆ ಎಂಬ ವಾದ ಕಟ್ಟಿದರು. ನಮ್ಮಲ್ಲೂ ಇದಕ್ಕೆ ಹತ್ತಿರದ ಮಾತುಗಳಿವೆ. ಈಗ ಇರುವುದಕ್ಕಿಂತ ಅದ್ಭುತವಾದ ಲೋಕ ಸಾಧ್ಯವಿರಲಿಲ್ಲ ಎಂಬ ಅರ್ಥದ ಇಮಾಮ್ ಗಝ್ಝಾಲಿಯವರ ಮಾತಿನ ಮೇಲೆ ಶತಮಾನಗಳ ಕಾಲ ಜಗಳ ನಡೆದಿದೆ. ಜರ್ಮನಿಯ ಲೈಬ್ನಿಟ್ಸ್ 1710ರಲ್ಲಿ ಹೇಳಿದ್ದೂ ಸರಿಸುಮಾರು ಇದೇ. ಕುಲುಮೆಯ ವಾದ ಬದುಕುಳಿದವರಿಗೆ ಸಲ್ಲುತ್ತದೆ. ಕಿಲ್ಲಾರಿಯಲ್ಲಿ ತೊಟ್ಟಿಲಲ್ಲೇ ಮಣ್ಣಾದ ಕೂಸು ಯಾವ ಆತ್ಮವನ್ನು ಯಾವ ಕುಲುಮೆಯಲ್ಲಿ ರೂಪಿಸಿಕೊಂಡಿತು? ದೊಸ್ತೊಯೆವ್‌ಸ್ಕಿ 1880ರಲ್ಲೇ ತಮ್ಮ ಕರಮಜೋವ್ ಕಾದಂಬರಿಯಲ್ಲಿ ಇವಾನನ ಬಾಯಿಂದ ಇದನ್ನು ಕೇಳಿಸಿದ್ದರು, ಅವರು ಸ್ವತಃ ನಿಷ್ಠ ಕ್ರೈಸ್ತರಾಗಿದ್ದುಕೊಂಡೇ.

ಲೈಬ್ನಿಟ್ಸನ ಮಾತು ಕುಸಿದದ್ದೂ ಗೋಡೆಗಳ ಜೊತೆಗೇ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಜನ ಚರ್ಚುಗಳಲ್ಲಿ ತುಂಬಿದ್ದಾಗ ನೆಲ ನಡುಗಿತು. ಚರ್ಚು ಬಿತ್ತು, ಹಬ್ಬಕ್ಕೆಂದು ಹಚ್ಚಿದ ಮೇಣದ ಬತ್ತಿಗಳಿಂದಲೇ ಬೆಂಕಿ ಹತ್ತಿತು, ಆಮೇಲೆ ಸಮುದ್ರ ಏರಿತು. ಮಲಗ್ರಿಡಾ ಎಂಬ ಜೆಸ್ಯುಯಿಟ್ ಪಾದ್ರಿ, ಇದು ನಿಮ್ಮ ಪಾಪದ ಶಿಕ್ಷೆ, ಬೇರೆ ಕಾರಣ ಹುಡುಕಬೇಡಿ ಎಂದು ಪುಸ್ತಿಕೆಯನ್ನೇ ಬರೆದ. ಮಂತ್ರಿ ಪೊಂಬಾಲ್ ಬೇರೆ ಕೆಲಸ ಮಾಡಿದ: ಪ್ರತಿ ಚರ್ಚಿನ ವ್ಯಾಪ್ತಿಗೂ ಪ್ರಶ್ನಾವಳಿ ಕಳಿಸಿದ, ನೆಲ ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು ಎಂದು. ವೋಲ್ತೇರ್ 1759ರಲ್ಲಿ ‘ಕಾಂದೀದ್’ ಬರೆದು ಎಲ್ಲವೂ ಒಳ್ಳೆಯದಕ್ಕೇ ಎನ್ನುವವರನ್ನು ನಗೆಗೀಡು ಮಾಡಿದ. ನಮ್ಮ ದೇಶದಲ್ಲಿ 1934ರ ಜನವರಿ 15ರಂದು ಬಿಹಾರ ನಡುಗಿದಾಗ ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದವರು ಗಾಂಧೀಜಿ. ಪಾಪ ನಿಜವಾದ ಪಾಪವೇ. ಆದರೆ ಬಿದ್ದ ಮನೆಗಳಲ್ಲಿ ಹರಿಜನರ ಗುಡಿಸಲುಗಳೂ ಇದ್ದವಲ್ಲ! ಟ್ಯಾಗೋರರು ಬಹಿರಂಗವಾಗಿಯೇ ವಿರೋಧಿಸಿದರು, ಗಾಂಧೀಜಿ ಆ ವಿರೋಧವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿದರು. ಒಳ್ಳೆಯ ಉದ್ದೇಶಕ್ಕೆ ಬಳಸಿದರೂ ಎಲೀಫಜನ ತರ್ಕ ಎಲೀಫಜನದೇ.

ಸ್ವತಃ ಏಸು ಈ ತರ್ಕಕ್ಕೆ ಏನು ಹೇಳಿದರು? ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಮತ್ತೊಂದು ಬಿದ್ದ ಗೋಡೆ ಇದೆ. ಸಿಲೋವದ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನೆಸುತ್ತೀರಾ ಎಂದು ಏಸು ಕೇಳಿ, ಅಲ್ಲ ಎಂದು ತಾವೇ ಹೇಳುತ್ತಾರೆ. ಕ್ರೈಸ್ತ ಬೋಧಕರು ಇಲ್ಲಿಗೆ ನಿಲ್ಲಿಸುವುದುಂಟು. ಮುಂದಿನ ಮಾತನ್ನೂ ಓದಬೇಕು: ನೀವು ತಿರುಗಿಕೊಳ್ಳದಿದ್ದರೆ ನಿಮಗೂ ನಾಶವೇ. ಸತ್ತವರ ಮೇಲಿನ ಬೆರಳನ್ನು ತೆಗೆದು ಬದುಕಿದವರ ಕಡೆ ತಿರುಗಿಸಿದ್ದಾರೆ, ಬೆರಳನ್ನು ಮಡಚಿಲ್ಲ. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ, ದೇವರ ಕೆಲಸ ಇವನಲ್ಲಿ ತೋರಿಬರಲೆಂದು ಎಂಬುದು ಉತ್ತರ. ಮೊದಲರ್ಧ ನಮ್ಮ ಮನಸ್ಸಿಗೆ ತಂಪು. ಎರಡನೆಯ ಅರ್ಧ ಕಾಡುತ್ತದೆ. ಒಂದು ಕೆಲಸ ತೋರಿಸಲಿಕ್ಕಾಗಿ ಒಬ್ಬ ಮನುಷ್ಯ ಇಷ್ಟು ವರ್ಷ ಕತ್ತಲೆಯಲ್ಲಿ ಇರಬೇಕಾಯಿತೇ? ನಮ್ಮ ಗೆಳೆಯನನ್ನು ಕೇಳಿದೆವು. ‘ಭಾಯಿ, ಏಸು ಅಲ್ಲೇ ಉಗುಳಿನಾಗ ಮಣ್ಣು ಕಲಿಸಿ ಕಣ್ಣಿಗಿ ಹಚ್ಚಿದ, ಅದು ನೋಡು ಮೊದಲ’ ಎಂದ. ಇದು ಸಮಾಧಾನವೋ ಜಾರಿಕೆಯೋ ನಮಗೆ ಇಂದಿಗೂ ತೀರ್ಮಾನವಾಗಿಲ್ಲ.

ಇಪ್ಪತ್ತನೆಯ ಶತಮಾನದ ಕ್ರೈಸ್ತ ಲೇಖಕರಲ್ಲಿ ಈ ಎರಡು ದನಿಗಳು ಒಬ್ಬನೇ ಮನುಷ್ಯನಲ್ಲಿ ಸಿಗುವುದು ಸಿ. ಎಸ್. ಲೂಯಿಸ್ ಅವರಲ್ಲಿ. 1940ರಲ್ಲಿ ಅವರು ನೋವಿನ ಸಮಸ್ಯೆಯ ಬಗ್ಗೆ ಪುಸ್ತಕ ಬರೆದರು. ಚೊಕ್ಕ ವಾದ, ಮುದ್ದಾದ ಗದ್ಯ. ನೋವು ದೇವರು ನಮ್ಮನ್ನು ಎಚ್ಚರಿಸುವ ದೊಡ್ಡ ದನಿ ಎಂಬುದು ತಿರುಳು. 1960ರಲ್ಲಿ ಅವರ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಅವರ ಇನ್ನೊಂದು ಸಣ್ಣ ಪುಸ್ತಕ ಬಂತು, ಅದೂ ಬೇರೆ ಹೆಸರಿನಲ್ಲಿ. ಅದರಲ್ಲಿ ವಾದ ಇಲ್ಲ. ಕದ ತಟ್ಟಿ ತಟ್ಟಿ ಕೈ ಸೋತವನ ಟಿಪ್ಪಣಿಗಳಿವೆ; ದೇವರ ಬಗ್ಗೆ ಕ್ರೂರವಾದ ಅನುಮಾನಗಳು, ಆಮೇಲೆ ನಿಧಾನವಾಗಿ ಒಂದಿಷ್ಟು ಹದ. ಮೊದಲ ಪುಸ್ತಕ ಎಲೀಫಜನದು, ಎರಡನೆಯದು ಯೋಬನದು ಎಂದರೆ ಲೂಯಿಸರಿಗೆ ಅನ್ಯಾಯವಾದೀತು, ಆದರೆ ಬಹಳ ಅನ್ಯಾಯವಾಗಲಿಕ್ಕಿಲ್ಲ.

ಜರ್ಮನಿಯಲ್ಲಿ ಇನ್ನೊಂದು ದಾರಿ ತೆರೆಯಿತು. ಹಿಟ್ಲರನ ಸೆರೆಯಲ್ಲಿದ್ದು 1945ರ ಏಪ್ರಿಲ್ 9ರಂದು ಗಲ್ಲಿಗೇರಿದ ಪಾಸ್ಟರ್ ಬಾನ್‌ಹೋಫರ್, ಯುದ್ಧಕೈದಿಯಾಗಿ ವರ್ಷಗಟ್ಟಲೆ ಕಳೆದ ಯುರ್ಗನ್ ಮೊಲ್ಟ್‌ಮನ್ ಇಬ್ಬರೂ, ದೇವರು ಸಂಕಟವನ್ನು ಏಕೆ ಬಿಟ್ಟ ಎಂಬುದರ ಬದಲು ಸಂಕಟದಲ್ಲಿ ದೇವರು ಎಲ್ಲಿದ್ದಾನೆ ಎಂದು ಕೇಳಿದರು. ಉತ್ತರ: ಶಿಲುಬೆಯ ಮೇಲೆ, ಸಂಕಟಪಡುವವರ ಜೊತೆಗೆ. ಇಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸ್ನೇಹವಲ್ಲ. ಏಸು ಶಿಲುಬೆಗೇರಿದರೆಂಬುದನ್ನು ಕುರ್‌ಆನ್ ಒಪ್ಪುವುದಿಲ್ಲ. ನೋಯುವ ದೇವರು ಎಂಬ ಕಲ್ಪನೆ ತೌಹೀದಿನ ಚೌಕಟ್ಟಿನಲ್ಲಿ ಕೂರುವುದಿಲ್ಲ. ಆದರೆ ನಿರಪರಾಧಿಯ ರಕ್ತವನ್ನು ನೆನೆದು ಅಳುವುದು ನಮಗೂ ಗೊತ್ತು. ಮೀರ್ ಅನೀಸರ ಮರ್ಸಿಯಾಗಳನ್ನು ಓದಿ ಬೆಳೆದ ಉರ್ದು ಮನಸ್ಸು ಕರ್ಬಲಾದ ನೀರಡಿಕೆಗೆ ಕಾರಣ ಹುಡುಕುವುದಿಲ್ಲ. ಆ ಡೇರೆಯೊಳಗೆ ಹೋಗಿ ಕೂರುತ್ತದೆ. ಹಸನ್ ಹುಸೇನರ ಅಲಾಯಿ ಹಬ್ಬದಲ್ಲಿ ಪಂಜಾ ಹಿಡಿದು ಹೆಜ್ಜೆ ಹಾಕುವ ನಮ್ಮ ಸೀಮೆಯ ಹಿಂದೂ ರೈತನೂ ಅಲ್ಲಿಗೇ ಬರುತ್ತಾನೆ.

ನಮ್ಮ ಕರ್ನಾಟಕಕ್ಕೆ ಹತ್ತಿರದ ದನಿ ಎದ್ದದ್ದು 1981ರಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ. ಅಲ್ಲಿ ಅರವಿಂದ ನಿರ್ಮಲ್ ಮಾಡಿದ ಒಂದು ಭಾಷಣ ದಲಿತ ದೇವಶಾಸ್ತ್ರ ಎಂಬ ಚಿಂತನೆಗೆ ನಾಂದಿಯಾಯಿತು. ಅವರ ಮಾತಿನ ಸಾರ: ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ದಲಿತರು, ಆದರೆ ಇಲ್ಲಿನ ಕ್ರೈಸ್ತ ದೇವಶಾಸ್ತ್ರ ಬ್ರಾಹ್ಮಣ ವೇದಾಂತದ ಜೊತೆಗೇ ಮಾತುಕತೆ ನಡೆಸುತ್ತ ಕೂತಿದೆ, ಏಸು ಸ್ವತಃ ದಲಿತ, ದೇವರನ್ನು ಅರಿಯುವುದು ಕೇರಿಯ ನೋವಿನಿಂದಲೇ ಶುರುವಾಗಬೇಕು. ನಮ್ಮ ಮಟ್ಟಿಗೆ ಇದು ಇಡೀ ಪ್ರಶ್ನೆಯನ್ನು ಅಂತರಿಕ್ಷದಿಂದ ಬೀದರಿನ ಬಸ್‌ಸ್ಟ್ಯಾಂಡಿಗೆ ಇಳಿಸಿದ ಮಾತು. ಏಕೆಂದರೆ ಕೇರಿಯವನ ಸಂಕಟ ಸೈತಾನನ ಪಂಥದಿಂದ ಬಂದದ್ದಲ್ಲ, ಊರಿನವರ ಕಟ್ಟುಪಾಡಿನಿಂದ ಬಂದದ್ದು. ಸಾಲದ್ದಕ್ಕೆ ಸರ್ಕಾರಿ ಕಾಗದವೂ ಕೂಡಿಕೊಂಡಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದ ದಲಿತನೂ ಮುಸ್ಲಿಮನಾದ ದಲಿತನೂ ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೆಯಿರಿ ಎಂದಿತು. 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಕವಾಯಿತು. ಇಂಥ ಮನುಷ್ಯನಿಗೆ ದೇವರು ಸಂಕಟವನ್ನೇಕೆ ಬಿಟ್ಟ ಎಂದು ವಿವರಿಸ ಹೊರಟರೆ, ಬಿಟ್ಟವರ ಪಟ್ಟಿಯಲ್ಲಿ ದೇವರ ಹೆಸರಿಗಿಂತ ಮೊದಲು ಬರೆಯಬೇಕಾದ ಹೆಸರುಗಳು ಬಹಳ ಇವೆ. ಮಸೀದಿಯ ಒಳಗೆ ಒಂದೇ ಸಾಲಿನಲ್ಲಿ ನಿಂತು, ಹೊರಗೆ ಬಂದು ಬಿರಾದರಿ ಕೇಳುವ ನಮ್ಮ ಹೆಸರೂ ಅದರಲ್ಲಿದೆ.

ನಮ್ಮ ಮನೆಯ ಮಾತಿಗೆ ಬರೋಣ. ಬೀದರ್ ಜಿಲ್ಲೆಯ ಹಳೆಯ ಮುಸ್ಲಿಮ್ ಮನೆಗಳಲ್ಲಿ 1948ರ ಪೊಲೀಸ್ ಆ್ಯಕ್ಷನ್ ವಿಷಯ ಬಂದಾಗ ಹಿರಿಯರು ಒಂದೇ ಪದದಲ್ಲಿ ಮುಗಿಸುತ್ತಿದ್ದರು: ಶಾಮತ್-ಎ-ಆಮಾಲ್. ಮಾಡಿದ್ದುಣ್ಣೋ ಎಂಬುದರ ಉರ್ದು. ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತ್ತು, ಆ ವರದಿ ದಶಕಗಟ್ಟಲೆ ಕತ್ತಲಲ್ಲಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರ ಕೈಯಲ್ಲಿ ಸತ್ತವರ ಮನೆಗಳಲ್ಲೂ ಯಾರೋ ಒಬ್ಬರು ಪೂರ್ವಜನ್ಮದ ಕರ್ಮ ಎಂದಿರಬೇಕು. ಎರಡು ಕಡೆಯೂ ಕೊಂದವನಿಗೆ ಇದಕ್ಕಿಂತ ಅನುಕೂಲದ ತತ್ವ ಇಲ್ಲ. ಸತ್ತವನೇ ತನ್ನ ಸಾವಿನ ಹೊಣೆ ಹೊತ್ತರೆ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಮನುಷ್ಯನಿಗೆ ಬರುವ ಕಷ್ಟ ಅವನ ಕೈಗಳ ಗಳಿಕೆ ಎಂಬ ಅರ್ಥದ ಆಯತ್ತು ಕುರ್‌ಆನಿನಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಅದನ್ನು ತನ್ನೆದೆಗೆ ಕನ್ನಡಿಯಾಗಿ ಹಿಡಿಯುವುದು ಬೇರೆ, ಪಕ್ಕದವನ ಗೋರಿಯ ಮೇಲೆ ಫಲಕವಾಗಿ ನೆಡುವುದು ಬೇರೆ. ಅದೇ ಗ್ರಂಥದಲ್ಲಿ ಭಯ, ಹಸಿವು, ಜೀವಹಾನಿಗಳಿಂದ ಪರೀಕ್ಷಿಸುವೆವು ಎಂಬ ಮಾತೂ ಇದೆ. ಬುಖಾರಿಯ ಒಂದು ಹದೀಸ್ ಶಹೀದರನ್ನು ಎಣಿಸುವಾಗ ಪ್ಲೇಗಿನಿಂದ ಸತ್ತವನ, ನೀರಿನಲ್ಲಿ ಮುಳುಗಿದವನ ಜೊತೆಗೆ ಕುಸಿದ ಕಟ್ಟಡದ ಕೆಳಗೆ ಸತ್ತವನನ್ನೂ ಸೇರಿಸುತ್ತದೆ. ಕಿಲ್ಲಾರಿಯ ಮರುದಿನದ ಖುತ್ಬಾದಲ್ಲಿ ಈ ಹದೀಸನ್ನು ಓದಬಹುದಿತ್ತು. ಉಮರ್ಗಾ, ಔಸಾ ಕಡೆಯಲ್ಲಿ ನಂಟರನ್ನು ಕಳೆದುಕೊಂಡವರು ಆ ಸಾಲಿನಲ್ಲಿ ಕೂತಿದ್ದರು.

ಇಷ್ಟೆಲ್ಲ ಓದಿದ ಮೇಲೂ ನಾವು ಎಲೀಫಜರಾದದ್ದನ್ನು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. 2021ರ ಮೇ ತಿಂಗಳು, ಕೋವಿಡಿನ ಎರಡನೆಯ ಅಲೆ. ಆ ಗೆಳೆಯನ ತಮ್ಮ ಆಕ್ಸಿಜನ್ ಹಾಸಿಗೆಗಾಗಿ ಮೂರು ಆಸ್ಪತ್ರೆಗಳ ಬಾಗಿಲು ತಿರುಗಿ ಆಟೋದಲ್ಲೇ ತೀರಿಕೊಂಡ. ನಾವು ಫೋನು ಮಾಡಿದೆವು. ಏನು ಹೇಳಬೇಕೆಂದು ತಿಳಿಯದೆ, ದೇವರ ಮರ್ಜಿ, ಒಳ್ಳೆಯವರನ್ನು ಅವನು ಬೇಗ ಕರೆದುಕೊಳ್ಳುತ್ತಾನೆ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬ್ಯಾಡ ಭಾಯಿ, ಮರ್ಜಿ ಅನ್ನಬ್ಯಾಡ. ಸಿಲಿಂಡರ್ ಇರಲಿಲ್ಲ’ ಎಂದ. ನಾವು ಇಪ್ಪತ್ತು ವರ್ಷ ಯೋಬನನ್ನು ಹೊಗಳಿದ್ದು ಆ ಎರಡು ಮಾತಿನ ಮುಂದೆ ಪುಡಿಯಾಯಿತು. ನಿರ್ಬಂಧ ಸಡಿಲವಾದ ಮೇಲೆ ಅವನ ಮನೆಗೆ ಹೋದೆವು. ಅವನ ತಾಯಿ ಕಟ್ಟೆಯ ಮೇಲೆ ಕೂತಿದ್ದರು. ಆ ಸಲ ನಾವೂ ಏನೂ ಹೇಳದೆ ಕೂತೆವು. ಸಂಜೆಯ ಹೊತ್ತಿಗೆ ಅವ್ವ ತಾವಾಗಿಯೇ ಮಗನ ಬಾಲ್ಯದ ಮಾತು ತೆಗೆದರು, ಮಾವಿನ ಗಿಡದಿಂದ ಬಿದ್ದು ಕೈ ಮುರಿದುಕೊಂಡದ್ದು, ಆ ಕೈಯಲ್ಲೇ ಹಟ ಮಾಡಿ ಪರೀಕ್ಷೆ ಬರೆದದ್ದು.

ಯೋಬನ ಗ್ರಂಥದ ಮುಕ್ತಾಯದ ಬಗ್ಗೆ ನಮಗೆ ತಕರಾರು ಉಂಟು. ಕೊನೆಯಲ್ಲಿ ಅವನಿಗೆ ಎಲ್ಲವೂ ಇಮ್ಮಡಿಯಾಗಿ ಮರಳುತ್ತದೆ: 7 ಸಾವಿರ ಕುರಿ ಇದ್ದದ್ದು 14 ಸಾವಿರ, 3 ಸಾವಿರ ಒಂಟೆ ಇದ್ದದ್ದು 6 ಸಾವಿರ. ಮಕ್ಕಳು ಮಾತ್ರ ಮತ್ತೆ ಹತ್ತು. ಮೊದಲಿನ ಹತ್ತು ಮಂದಿ ದೇವರ ಬಳಿ ಇದ್ದಾರೆ, ಆದ್ದರಿಂದ ಲೆಕ್ಕ ಇಮ್ಮಡಿಯೇ ಎಂದು ಹಳೆಯ ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಲೆಕ್ಕ ಸರಿಯಾಯಿತು. ಆದರೆ ಮಕ್ಕಳು ಕುರಿಗಳಲ್ಲ. ಇಲ್ಲಿ ಕಥೆಗಾರ ಆತುರಪಟ್ಟಿದ್ದಾನೆ ಎಂದೇ ನಮ್ಮ ಅನಿಸಿಕೆ. ಒಂದು ವಿವರ ಮಾತ್ರ ಅವನನ್ನು ಉಳಿಸುತ್ತದೆ: ಹೊಸ ಗಂಡುಮಕ್ಕಳ ಹೆಸರು ಹೇಳದೆ ಮೂವರು ಹೆಣ್ಣುಮಕ್ಕಳ ಹೆಸರನ್ನು ಹೇಳುತ್ತಾನೆ, ಅವರಿಗೆ ತಂದೆ ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲು ಕೊಟ್ಟ ಎನ್ನುತ್ತಾನೆ. ಅಷ್ಟು ಹಳೆಯ ಕಾಲದಲ್ಲಿ! ಸಂಕಟ ಯೋಬನಿಗೆ ಏನಾದರೂ ಕಲಿಸಿದ್ದರೆ ಅದು ಇದೇ ಇರಬೇಕು.

ಆದರೆ ಆ ಮಕ್ಕಳ ತಾಯಿ? ಬೈಬಲಿನಲ್ಲಿ ಯೋಬನ ಹೆಂಡತಿಗೆ ಹೆಸರಿಲ್ಲ, ಸಿಗುವುದು ಒಂದೇ ಮಾತು, ದೇವರನ್ನು ದೂಷಿಸಿ ಸಾಯಿ ಎಂಬುದು. ಅಗಸ್ಟಿನ್ ಆಕೆಯನ್ನು ಸೈತಾನನ ಸಹಾಯಕಿ ಎಂದರು. ಸತ್ತ ಹತ್ತು ಮಕ್ಕಳನ್ನು ಹೆತ್ತವಳು ಆಕೆಯೇ ಎಂಬುದು ಆ ಮಹಾಪುರುಷರಿಗೆ ಹೊಳೆಯಲಿಲ್ಲ. ರಾಘವಾಂಕ ಈ ವಿಷಯದಲ್ಲಿ ದೊಡ್ಡವನು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಅಳುವುದನ್ನು ಕನ್ನಡದ ಕಿವಿ ಮರೆತಿಲ್ಲ. ದಾದಿಯ ಕಥೆಯಲ್ಲೂ ಆಕೆ ಇದ್ದಳು, ಬೀಬಿ ರಹೀಮಾ ಎಂಬ ಹೆಸರಿನಿಂದ. ಊರು ಹೊರಹಾಕಿದ ಗಂಡನನ್ನು ಹೊತ್ತು ತಿರುಗಿದಳು, ಮನೆಮನೆಗೆ ಕೂಲಿ ಮಾಡಿ ಅವನಿಗೆ ರೊಟ್ಟಿ ತಂದಳು, ರೊಟ್ಟಿ ಹುಟ್ಟದ ದಿನ ತಲೆಗೂದಲನ್ನೇ ಕತ್ತರಿಸಿ ಮಾರಿದಳು. ದಾದಿ ಅಯ್ಯೂಬರ ಭಾಗವನ್ನು ಬೇಗ ಬೇಗ ಹೇಳಿ ಇಲ್ಲಿಗೆ ಬಂದಾಗ ನಿಧಾನ ಮಾಡುತ್ತಿದ್ದರು. ಅಷ್ಟೆಲ್ಲ ಮಾಡಿದ ರಹೀಮಾ ದಾದಿಯ ಕಥೆಯಲ್ಲೂ ದೇವರೊಡನೆ ಒಂದು ಮಾತನ್ನೂ ಆಡುವುದಿಲ್ಲ. ಆಕೆಯನ್ನು ಕುರಿತು ಕನ್ನಡದಲ್ಲಿ ಒಂದು ಕಥೆ ಬರೆಯಬೇಕೆಂದು ನಾವು ಎರಡು ಸಲ ಕೂತೆವು. ಕಿಲ್ಲಾರಿಯ ಮಣ್ಣುಗುಡ್ಡೆಯ ಮುಂದೆ ಆಕೆ ನಿಂತಿದ್ದಾಳೆ, ಹಿಂದೆ ಮೂವರು ಗೆಳೆಯರು ಬರುತ್ತಿದ್ದಾರೆ. ಅವರು ಬಾಯಿ ತೆರೆಯುವ ಮೊದಲು ಆಕೆ ಏನು ಹೇಳುತ್ತಾಳೆ ಎಂಬಲ್ಲಿ ಎರಡು ಸಲವೂ ನಿಂತಿದ್ದೇವೆ.